ಆರು ದಿನದಲ್ಲಿ ಮಾರಿದ ಮನೆ

ಪುತ್ತೂರಿನ ನಮ್ಮ ಮನೆ ಆರೇ ದಿನದಲ್ಲಿ ಮಾರಿಹೋಯಿತು. ಬೋರ್ಡು ಹಾಕಲಿಲ್ಲ, ಪೇಪರಿನಲ್ಲಿ ಜಾಹೀರಾತು ಕೊಡಲಿಲ್ಲ, ಬ್ರೋಕರನ ಮುಖ ನೋಡಲಿಲ್ಲ. ಸುಳ್ಯದಲ್ಲಿ ಮಗಳ ಮನೆಯ ಹತ್ತಿರ ನಾವು ಬಂದು ಕೂತ ಹೊಸತರಲ್ಲಿ, ಪರಿಚಯವಾದವರೆಲ್ಲ ನನ್ನನ್ನು ರ‍್ಯಾಂಕ್ ಬಂದ ಹುಡುಗಿಯ ಹಾಗೆ ನೋಡುತ್ತಿದ್ದರು. "ಎಂತ ಟೀಚರೇ, ಅಷ್ಟು ದುಬಾರಿ ಮನೆ ಅಷ್ಟು ಬೇಗ ಹೋದದ್ದು ಹೇಗೆ? ನಮ್ಮದು ಎರಡು ವರ್ಷದಿಂದ ಹಾಗೇ ಉಂಟು ಮಾರಾಯ್ರೆ" ಎಂದು ಕೇಳುತ್ತಿದ್ದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಕೇಳಿದವರಿಗೆ ಬಿಡಿಸಿ ಹೇಳುವ ಚಟ ನಿವೃತ್ತಿಯ ಜೊತೆ ಹೋಗಲಿಲ್ಲ.

ಮೊದಲು ಬಾವಿಯ ಸಂಗತಿ ಹೇಳುತ್ತಿದ್ದೆ. ನಮ್ಮ ಬಡಾವಣೆ ಇರುವುದು ಗುಡ್ಡದ ಮೇಲೆ, ಕೆಂಪುಕಲ್ಲಿನ ನೆಲದಲ್ಲಿ. ಏಪ್ರಿಲ್ ಬಂತೆಂದರೆ ಅರ್ಧ ಬಾವಿಗಳ ತಳ ಕಾಣುತ್ತದೆ. ನಮ್ಮದರಲ್ಲಿ ಮೇ ಕೊನೆಗೂ ಆಳೆತ್ತರ ನೀರು. ನಮ್ಮ ಕಡೆ ತಿಳಿದವರು ಮಳೆಗಾಲದಲ್ಲಿ ಮನೆ ನೋಡಲು ಬರುವುದಿಲ್ಲ. ಮಳೆಗಾಲದಲ್ಲಿ ಎಲ್ಲರ ಬಾವಿಯೂ ಸುಳ್ಳು ಹೇಳುತ್ತದೆ. ಮೇ ತಿಂಗಳಲ್ಲಿ ಬಂದು, ಚಾವಡಿಗೆ ಕಾಲಿಡುವ ಮೊದಲು ಬಾವಿಕಟ್ಟೆಗೆ ಹೋಗಿ ಬಗ್ಗಿ ನೋಡುತ್ತಾರೆ, ಒಂದು ಕೊಡ ಸೇದಿಸಿ ಕುಡಿದು ನೋಡುತ್ತಾರೆ. ಶಾಲೆಗೆ ಮಕ್ಕಳು ನಡೆದೇ ಹೋಗಬಹುದು, ಆಸ್ಪತ್ರೆ ಹತ್ತು ನಿಮಿಷ, ರಸ್ತೆಯಲ್ಲಿ ಎರಡು ಕಾರು ಎದುರುಬದುರಾದರೆ ಯಾರೂ ರಿವರ್ಸ್ ತೆಗೆಯಬೇಕಾಗಿಲ್ಲ. ಇನ್ನು ಕ್ರಯದ ಮಾತು. ಅಗ್ಗದ ಮನೆಗೆ ನೂರು ಜನ ಬಂದು ನೂರು ಕುಂದು ಹುಡುಕುತ್ತಾರೆ. ಒಳ್ಳೆಯ ಕಡೆಯ ದುಬಾರಿ ಮನೆಗೆ ಬರುವವರು ನಾಲ್ಕೇ ಜನ, ಆದರೆ ಆ ನಾಲ್ವರು ವರ್ಷಗಟ್ಟಲೆ ಕಾದು ಕೂತವರು. ಅಂಥ ಕಡೆ ಮನೆ ಮಾಡಿದವರು ಜಾಗ ಬಿಟ್ಟು ಏಳುವುದೇ ಇಲ್ಲವಲ್ಲ. ಅದರಲ್ಲೂ ಗಲ್ಫಿನಿಂದ ಮೂವತ್ತು ದಿನದ ರಜೆಯಲ್ಲಿ ಬಂದವನಿಗೆ ಯೋಚನೆ ಮಾಡಲು ಪುರುಸೊತ್ತೆಲ್ಲಿ? ರಜೆ ಮುಗಿಯುವುದರೊಳಗೆ ರಿಜಿಸ್ಟ್ರಿ ಆಗಬೇಕು.

ಇಷ್ಟು ಹೇಳಿ ನಾನು ಚಾ ಕುಡಿಯುತ್ತಿದ್ದೆ, ಕೇಳಿದವರು ತಲೆಯಾಡಿಸುತ್ತಿದ್ದರು. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ನಮ್ಮ ಮನೆ ಆರು ದಿನದಲ್ಲಿ ಹೋದದ್ದು ಈ ಯಾವ ಕಾರಣದಿಂದಲೂ ಅಲ್ಲ. ಅದು ಹೋದದ್ದು ನನ್ನ ಹೇಡಿತನದಿಂದ. ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲು ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳು ಯಾರಿಗೆ ಹೇಳಿದೆ, ಅವರು ಅದನ್ನು ಹೇಗೆ ಕಾಪಾಡಿದರು ಎಂಬುದನ್ನು ಈವರೆಗೆ ಯಾರಿಗೂ ಬಿಡಿಸಿ ಹೇಳಿಲ್ಲ.

ಮನೆ ಮಾರುವ ಯೋಚನೆ ಬಂದದ್ದು ನನ್ನ ಗಂಡನ ಮೊಣಕಾಲಿನಿಂದ. ರಸ್ತೆಮಟ್ಟದ ಅಂಗಳದಿಂದ ನಮ್ಮ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದ ಮನುಷ್ಯ, ಆಯುಷ್ಯವಿಡೀ ಬೇರೆಯವರ ಮನೆಯ ಮೆಟ್ಟಿಲು ಹತ್ತಿ, ಕೊನೆಗೆ ತನ್ನ ಮನೆಯ ಮೆಟ್ಟಿಲಲ್ಲಿ ಸೋತರು. ಸುಳ್ಯದಲ್ಲಿ ಮಗಳ ಮನೆಯ ಪಕ್ಕದಲ್ಲೇ ಸಮತಟ್ಟಾದ ಸಣ್ಣ ಮನೆಯೊಂದು ಸಿಗುವುದಿತ್ತು. "ಮೇಯಲ್ಲೇ ಕೊಡುವ, ಬಾವಿಯೇ ಮಾತಾಡ್ತದೆ" ಎಂದರು ಗಂಡ. ಸಂಬಂಧಿಕರಿಬ್ಬರಿಗೆ ಫೋನು ಮಾಡಿ ಹೇಳಿದ್ದೇ ತಡ, ಭಾನುವಾರ ಬೆಳಿಗ್ಗೆ ಆಲಂಕಾರಿನಿಂದ ಹಾಜಿಯವರು ಬಂದರು.

ಹಾಜಿಯವರು ತೀರಿಹೋಗಿ ಒಂದು ವರ್ಷವಾಯಿತು. ಬರೆಯುವ ಧೈರ್ಯ ಬಂದದ್ದೇ ಅದರಿಂದ. ಅವರ ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಆಲಂಕಾರು ಪೇಟೆಯಲ್ಲಿ ಅವರದು ಅಡಿಕೆ, ಕರಿಮೆಣಸು, ಗೇರುಬೀಜ ಕೊಳ್ಳುವ ಅಂಗಡಿ, ತಂದೆಯ ಕಾಲದ್ದು. ಬಿಳಿ ಅಂಗಿ, ಬಿಳಿ ಮುಂಡು, ಎದೆಯ ಕಿಸೆಯಲ್ಲಿ ಎರಡು ಪೆನ್ನು. ನನ್ನೊಂದಿಗೆ ಕನ್ನಡ, ನನ್ನ ಗಂಡನೊಂದಿಗೆ ತುಳು, ಮಗಳೊಂದಿಗೆ ಬ್ಯಾರಿ. ಮೂರರಲ್ಲೂ ಅದೇ ನಿಧಾನ. ಮಗಳು ನನ್ನ ವಿದ್ಯಾರ್ಥಿನಿ. ಹತ್ತನೆಯ ತರಗತಿಯಲ್ಲಿ ವರ್ಷವಿಡೀ ಶಾಲೆ ಬಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಕೂತು ಲೆಕ್ಕ ಬಿಡಿಸಿ, ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ನನ್ನ ಮೂವತ್ತೊಂದು ವರ್ಷದಲ್ಲಿ ಅವಳಷ್ಟು ಚೊಕ್ಕವಾಗಿ ಯೋಚಿಸುವ ಮಗುವನ್ನು ನಾನು ಕಂಡಿಲ್ಲ. ಈಗ ಅವಳೇ ಪುತ್ತೂರಿನ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕಿ. ಗಂಡ ಗಲ್ಫಿನಲ್ಲಿ, ಸಣ್ಣ ಮಕ್ಕಳು ಎರಡು. ಆ ಮಕ್ಕಳನ್ನು ಕಟ್ಟಿಕೊಂಡು ದಿನಾ ಆಲಂಕಾರಿನಿಂದ ಬಂದುಹೋಗುವುದು. ಪೇಟೆಯಲ್ಲಿ ಬಾಡಿಗೆಗೆ ಹುಡುಕಿ ಹುಡುಕಿ ಸಾಕಾಗಿತ್ತು. ಫೋನಿನಲ್ಲಿ ಖಾಲಿ ಇದ್ದ ಮನೆ, ಹೆಸರು ಹೇಳಿದ ಕೂಡಲೇ "ನಿನ್ನೆಯೇ ಕೊಟ್ಟಾಯ್ತು" ಆಗುತ್ತಿತ್ತು.

ಅಪ್ಪ ಮಗಳು ಇಬ್ಬರೂ ನೇರ ಬಾವಿಕಟ್ಟೆಗೆ ಹೋದರು. ಹಾಜಿಯವರು ಬಗ್ಗಿ ನೋಡಿದರು. ಮಗಳು ಸೇದಿ, ಕೈಯಲ್ಲೇ ಹಿಡಿದು ಕುಡಿದಳು.

"ಟೀಚರೇ, ಇವಳಿಗೆ ಪುತ್ತೂರಿನ ಬೇರೆ ಯಾವ ಮನೆಯೂ ಬೇಡವಂತೆ" ಎಂದರು ಹಾಜಿಯವರು. "ನೀವು ಕೊಡುದಾದ್ರೆ ಇದೇ ಬೇಕಂತೆ."

"ಇಲ್ಲಿ ಕೂತ್ರೆ ಲೆಕ್ಕ ತಲೆಗೆ ಹೋಗ್ತದೆ ಟೀಚರ್" ಎಂದು ಅವಳು ನಕ್ಕಳು. "ನನ್ನ ಮಕ್ಕಳಿಗೂ ಹೋಗ್ಲಿ."

ಕ್ರಯ ಹೇಳಿದೆವು. ಹಾಜಿಯವರು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, "ಹೆಚ್ಚಾಯ್ತು. ಆದ್ರೆ ಟೀಚರ್ ಹೇಳಿದ್ದಲ್ವಾ, ಅದರಲ್ಲಿ ಕಮ್ಮಿ ಮಾಡ್ಲಿಕ್ಕೆ ಇರ್ಲಿಕ್ಕಿಲ್ಲ" ಎಂದರು. ನನಗೆ ಸಂತೋಷಕ್ಕೆ ಕಣ್ಣು ತುಂಬಿತು, ಅದು ನಿಜ. ಬೆಲ್ಲ, ನೀರು ತಂದಿಟ್ಟು, "ಆಯ್ತು ಹಾಜಿಯವರೇ, ಮನೆ ನಿಮಗೇ" ಎಂದೆ. ಅಡಿಕೆ ವ್ಯಾಪಾರದವರಲ್ಲಿ ಮಾತಾಯಿತೆಂದರೆ ಆಯಿತು. ನಾಳೆ ಧಾರಣೆ ಏರಲಿ, ಇಳಿಯಲಿ, ಮಾತು ಮಾತೇ. ಮುಂಗಡ ಕೊಡುತ್ತೇನೆಂದು ಅವರು ಹೇಳಿದರೆ ನಾನೇ, "ನಮ್ಮೊಳಗೆ ಎಂತ ಮುಂಗಡ? ಕರಾರಿಗೆ ವಕೀಲರ ಹತ್ತಿರ ದಿನ ಕೇಳಿಕೊಂಡು ಬುಧವಾರ ಬನ್ನಿ" ಎಂದು ದೊಡ್ಡಸ್ತಿಕೆ ತೋರಿಸಿದೆ.

ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಕಂಪೌಂಡಿನ ಹತ್ತಿರ ಬಂದರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಇಪ್ಪತ್ತಾರು ವರ್ಷ ಆ ಕಂಪೌಂಡಿನ ಮೇಲಿಂದ ಕರಿಬೇವು, ಪತ್ರೊಡೆ, ಜ್ವರದ ಮಾತ್ರೆ, ಊರಿನ ಸುದ್ದಿ ಎಲ್ಲ ಆಚೆಗೂ ಈಚೆಗೂ ದಾಟಿವೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮನೆ ಕೊಟ್ಟಾಯ್ತಂತೆ? ಯಾರಿಗೆ?"

ಹೇಳಿದೆ.

ಅಕ್ಕ ಎರಡು ಎಸಳು ಕರಿಬೇವು ಮುರಿದು ಕೈಯಲ್ಲಿ ಹಿಡಿದುಕೊಂಡು ನಿಂತರು. "ನನಗೆ ಎಂತದೂ ಇಲ್ಲ ಟೀಚರೇ. ಒಳ್ಳೆ ಜನವೇ ಇರಬಹುದು. ಆದ್ರೆ ನೀವು ಸುಳ್ಯಕ್ಕೆ ಹೋಗುದು. ಇಲ್ಲಿ ಇರುದು ನಾವಲ್ವಾ? ಇವತ್ತು ಒಬ್ರು, ನಾಳೆ ಅವರ ಹಿಂದಿನಿಂದ ನಾಲ್ಕು ಜನ. ಮತ್ತೆ ನಮ್ಮ ಮನೆಗಳಿಗೆ ಎಂತ ಕ್ರಯ ಬರ್ತದೆ ಹೇಳಿ."

ಮಧ್ಯಾಹ್ನಕ್ಕೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಂತು. ಕಸದ ಗಾಡಿ ಬರುವ ಹೊತ್ತು, ಯಾರದೋ ಕಾರಿನಡಿಗೆ ಹೋದ ಹಾವು, ಇಷ್ಟಕ್ಕೇ ಇರುವ ಗುಂಪು ಅದು. "ನಮ್ಮ ಬಡಾವಣೆಯ ವಾತಾವರಣವನ್ನು ಎಲ್ಲರೂ ಸೇರಿ ಉಳಿಸಿಕೊಳ್ಳೋಣ", ಕೆಳಗೆ ಮುಗಿದ ಎರಡು ಕೈ. ನನ್ನ ಹೆಸರು ಯಾರೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನೇ ಹತ್ತು ಸಲ ತೆರೆದು ಓದಿದೆ. ಒಬ್ಬೊಬ್ಬರಾಗಿ ಹೆಬ್ಬೆರಳು ಒತ್ತುತ್ತಾ ಹೋದರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಮೂರು ಜನ.

ಮಂಗಳವಾರ ಬೆಳಿಗ್ಗೆ ಅಕ್ಕ ಕಂಪೌಂಡಿನ ಹತ್ತಿರ ಬರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಜ್ವರ ಬಂದಾಗ ಬಿಟ್ಟರೆ ಅದೇ ಮೊದಲು. ಬಟ್ಟೆ ಒಣಗಿಸಲು ಬಂದವರು ನನ್ನನ್ನು ಕಂಡು ಒಳಗೆ ಹೋದರು. ಅಷ್ಟೇ ನಡೆದದ್ದು. ಯಾರೂ ನನ್ನನ್ನು ಹೆದರಿಸಲಿಲ್ಲ, ಯಾರೂ ಮನೆಗೆ ಬಂದು ಗಲಾಟೆ ಮಾಡಲಿಲ್ಲ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಒಬ್ಬ ಹೆಂಗಸು ಒಂದು ಬೆಳಿಗ್ಗೆ ನನ್ನೊಡನೆ ಮಾತಾಡಲಿಲ್ಲ ಎಂಬುದಕ್ಕೆ ನಾನು ಕುಸಿದುಬಿದ್ದೆ. ಬಿಟ್ಟು ಹೋಗುವ ಬೀದಿಯಲ್ಲೂ ಒಳ್ಳೆಯವಳೆನಿಸಿಕೊಂಡೇ ಹೋಗಬೇಕೆಂಬ ಆಸೆ ನನಗೆ.

ಸಂಜೆ ಅಕ್ಕನೇ ಬಂದರು, ಮುಖದಲ್ಲಿ ನಗು, ಹಿಂದೆ ಒಬ್ಬರು. ಐವರ್ನಾಡಿನ ಕಡೆಯ ಕಂಟ್ರಾಕ್ಟರು, ಅಲ್ಲಿ ರಬ್ಬರ್ ತೋಟ ಉಂಟು, ಪುತ್ತೂರಿನಲ್ಲಿ ಒಂದು ಮನೆ ಬೇಕಂತೆ. "ನಮ್ಮವರೇ" ಎಂದು ಅಕ್ಕ ಎರಡು ಸಲ ಹೇಳಿದರು. ಆತ ಹಾಜಿಯವರು ಒಪ್ಪಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಹೇಳಿದ. ಬಾವಿಗೆ ಬಗ್ಗಿಯೂ ನೋಡಲಿಲ್ಲ. ಕಾರು ಎಲ್ಲಿ ನಿಲ್ಲಿಸುವುದು ಎಂದು ಮಾತ್ರ ಕೇಳಿದ. ನಾನು ಆಗಲಿ ಎಂದೆ.

ಅವರು ಹೋದ ಮೇಲೆ ಗಂಡ ಕೇಳಿದರು, "ಹಾಜಿಯವರಿಗೆ ಎಂತ ಹೇಳುದು?"

"ನಾನು ಹೇಳ್ತೇನೆ."

"ನಿಜ ಹೇಳು."

"ನಿಜ ಹೇಳಿದ್ರೆ ಅವರಿಗೆ ಬೇಸರ ಆಗ್ತದೆ."

ಅವರು ನನ್ನ ಮುಖ ನೋಡಿ, ಮತ್ತೆ ಪೇಪರು ಎತ್ತಿಕೊಂಡರು. ಆ ಪೇಪರನ್ನು ಬೆಳಿಗ್ಗೆಯೇ ಓದಿ ಮುಗಿಸಿದ್ದರು.

ಬುಧವಾರ ಹಾಜಿಯವರು ವಕೀಲರ ದಿನ ಗೊತ್ತುಮಾಡಿಕೊಂಡೇ ಬಂದರು. ಮಗಳ ಕೈಯಲ್ಲಿ ಅಳತೆಯ ಟೇಪು. ಪುಸ್ತಕದ ಕಪಾಟು ಎಲ್ಲಿ ಕೂರುತ್ತದೆಂದು ನೋಡಬೇಕು ಎಂದು ಅವಳು ಜಗಲಿಯ ಗೋಡೆ ಅಳೆಯುತ್ತಿದ್ದಳು. ಹಾಜಿಯವರು ಒಳಗೆ ಕೂತು ಬೆವರು ಒರೆಸಿಕೊಂಡರು. ಏನು ಹೇಳಬೇಕೆಂದು ಆ ಕ್ಷಣದವರೆಗೂ ನಾನು ಯೋಚಿಸಿರಲಿಲ್ಲ. ಕಿಟಕಿಯ ಹೊರಗೆ ಕಣ್ಣು ಹೋಯಿತು. ಅಂಗಳದ ಮೂಲೆಯ ಬಾದಾಮಿ ಮರದ ಕೆಳಗೆ ಒಂದು ಕಪ್ಪು ಕಲ್ಲು, ಮೊಣಕಾಲೆತ್ತರದ್ದು. ಮನೆಗೆ ಅಡಿಪಾಯ ತೋಡುವಾಗ ಸಿಕ್ಕಿದ ಅದನ್ನು ಕೆಲಸದವರು ಅಲ್ಲಿಗೆ ಉರುಳಿಸಿ ಬಿಟ್ಟುಹೋಗಿದ್ದರು.

"ಹಾಜಿಯವರೇ, ಒಂದು ತೊಂದರೆ ಆಗಿದೆ" ಎಂದೆ. "ಆ ಮೂಲೆಯಲ್ಲಿ ಗುಳಿಗನ ಕಲ್ಲು ಉಂಟು."

ಗುಳಿಗ ಎಂದರೆ ನಮ್ಮ ಕಡೆ ಜಾಗ ಕಾಯುವ ದೈವ. ಗುಡಿ ಬೇಡ, ಗೋಪುರ ಬೇಡ, ಮರದಡಿಯಲ್ಲಿ ಒಂದು ಕಲ್ಲಿದ್ದರೆ ಸಾಕು. ಕಳ್ಳತನ ಮಾಡುವವನೂ ಗುಳಿಗನ ಹೆಸರಲ್ಲಿ ಸುಳ್ಳು ಹೇಳಲು ಹೆದರುತ್ತಾನೆ. ನಾನು ಹೆದರಲಿಲ್ಲ. ಪಕ್ಕದ ಮನೆಯವರಿಗೆ ಹೆದರಿದವಳು ಗುಳಿಗನಿಗೆ ಹೆದರಲಿಲ್ಲ.

ಹಾಜಿಯವರ ಮುಖ ಗಂಭೀರವಾಯಿತು, ಆದರೆ ಬಾಡಲಿಲ್ಲ. "ಅಷ್ಟೆಯಾ ಟೀಚರೇ? ಅದಕ್ಕೆ ಎಂತ ತೊಂದರೆ? ನಮ್ಮ ಆಲಂಕಾರಿನ ಜಾಗದಲ್ಲಿ ನಾಗನ ಕಲ್ಲು ಉಂಟು. ನನ್ನ ಅಜ್ಜ ತಗೊಳ್ಳುವಾಗಲೇ ಇದ್ದದ್ದು. ವರ್ಷಕ್ಕೊಮ್ಮೆ ಭಟ್ರು ಬಂದು ಪೂಜೆ ಮಾಡಿ ಹೋಗುದು. ಬೇಕಾದ್ದೆಲ್ಲ ನಾವೇ ಕೊಡುದು. ಆ ಬದಿಗೆ ಮಕ್ಕಳು ಚಪ್ಪಲಿ ಹಾಕಿ ಹೋಗುದಿಲ್ಲ. ನಮ್ಮ ನಂಬಿಕೆ ನಮಗೆ. ಆದ್ರೆ ಜಾಗದಲ್ಲಿ ಮೊದಲೇ ಇದ್ದವರಿಗೆ ಸಲ್ಲಬೇಕಾದ್ದು ಸಲ್ಲಬೇಕು ಅಲ್ವಾ? ಇಲ್ಲಿಗೂ ನಿಮ್ಮವರು ಬಂದು ದೀಪ ಇಡ್ಲಿ. ಗೇಟಿನ ಒಂದು ಕೀ ನಿಮ್ಮಲ್ಲೇ ಇರ್ಲಿ."

ಅಲ್ಲಿಗಾದರೂ ನಾನು ನಿಲ್ಲಬಹುದಿತ್ತು. ನನ್ನ ಗಂಡ ತಲೆ ಎತ್ತಿ ನನ್ನನ್ನು ನೋಡಿದರು, ಈಗ ಹೇಳು ಎಂಬಂತೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಿಯಾಗಿತ್ತು, ನಾನೂ ಅದರ ಹಿಂದೆಯೇ ಹೋದೆ.

"ಇಲ್ಲ ಹಾಜಿಯವರೇ. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ಕೇಳಿದೆವು. ದೈವ ನಂಬುವವರ ಕೈಯಲ್ಲೇ ಜಾಗ ಇರಬೇಕು ಅಂತ ಬಂತು. ಬೇರೆಯವರಿಗೆ ಕೊಟ್ರೆ ಅವರಿಗೇ ತೊಂದರೆ ಅಂತೆ. ಸಣ್ಣ ಮಕ್ಕಳು ಬೇರೆ ಇದ್ದಾರೆ ನಿಮ್ಮಲ್ಲಿ."

ಮಕ್ಕಳನ್ನೂ ಎಳೆದು ತಂದೆ. ಅವರ ಒಳ್ಳೆಯದಕ್ಕೇ ಹೇಳುತ್ತಿರುವವಳ ಹಾಗೆ.

ಹಾಜಿಯವರು ಬೆವರು ಒರೆಸಿದ ಕರವಸ್ತ್ರವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಎದ್ದು, "ದೈವವೇ ಬೇಡ ಹೇಳಿದ ಮೇಲೆ ಮನುಷ್ಯ ಎಂತ ಮಾಡುದು?" ಎಂದರು. ನನ್ನ ಮುಖದಲ್ಲಿ ಏನು ಕಂಡಿತೋ, "ಟೀಚರೇ, ನೀವು ಬೇಜಾರು ಮಾಡಬೇಡಿ. ಇದು ನಿಮ್ಮ ಕೈಯಲ್ಲಿ ಇರುವ ವಿಷಯ ಅಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಟೇಪನ್ನು ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿ, "ಉಪ್ಪ, ಹೋಗುವ" ಎಂದು ತಂದೆಯನ್ನು ಕರೆದಳು. ನನಗೆ ಏನೂ ಹೇಳಲಿಲ್ಲ. ಪಾಪ, ಆಸೆ ಮುರಿಯಿತು ಎಂದುಕೊಂಡೆ.

ಶುಕ್ರವಾರ ಕಂಟ್ರಾಕ್ಟರನೊಂದಿಗೆ ಕರಾರಾಯಿತು. ಭಾನುವಾರದಿಂದ ಎಣಿಸಿದರೆ ಆರು ದಿನ. ಆ ಸಂಜೆ ಅಕ್ಕ ಪಾಯಸ ತಂದುಕೊಟ್ಟರು. "ಒಳ್ಳೆ ಜಾಗ ಟೀಚರೇ, ಅದಕ್ಕೇ ಇಷ್ಟು ಬೇಗ ಹೋದದ್ದು" ಎಂದರು. ನಾನು ಪಾಯಸ ತಿಂದೆ. ಚೆನ್ನಾಗಿಯೇ ಇತ್ತು.

ಜೂನಿನಲ್ಲಿ ಸುಳ್ಯಕ್ಕೆ ಬಂದೆವು. ಹಾಜಿಯವರ ಮಗಳಿಗೆ ಪುತ್ತೂರು ಪೇಟೆಯ ತುದಿಯಲ್ಲಿ, ಒಂದು ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಸಿಕ್ಕಿತಂತೆ. ಬಾವಿ ಇಲ್ಲ, ಬೇಸಿಗೆಯಲ್ಲಿ ಟ್ಯಾಂಕರು. ಮಕ್ಕಳು ನಮ್ಮ ಬಡಾವಣೆಯ ಶಾಲೆಗೇ ಸೇರಿದರು. ವಾರದಲ್ಲಿ ಎರಡು ಮೂರು ದಿನ ಹಾಜಿಯವರೇ ಅವರನ್ನು ಶಾಲೆಗೆ ಬಿಡಲು ಬರುತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಅವರ ಫೋನಿನಿಂದಲೇ. ತಿಂಗಳಿಗೊಮ್ಮೆಯಾದರೂ ಮಾಡುತ್ತಿದ್ದರು. ನನ್ನ ಗಂಡನ ಮೊಣಕಾಲು ವಿಚಾರಿಸಿ, ಕೊನೆಗೆ, "ಟೀಚರೇ, ನಿಮ್ಮ ಮನೆಯ ಎದುರಿಂದ ಬಂದೆ. ಕಲ್ಲಿನ ಸುತ್ತ ಹುಲ್ಲು ಬಂದಿದೆ. ದೀಪ ಇಟ್ಟದ್ದು ಕಾಣುದಿಲ್ಲ. ಹೊಸಬರಿಗೆ ಒಂದು ಮಾತು ಹೇಳಿ ಆಯ್ತಾ" ಎನ್ನುತ್ತಿದ್ದರು. ನಾನು ಹೇಳ್ತೇನೆ ಎನ್ನುತ್ತಿದ್ದೆ. ಫೋನಿನಲ್ಲಿ ಅವರ ಹೆಸರು ಕಂಡರೆ ನಾಲ್ಕು ರಿಂಗಾಗುವವರೆಗೆ ನೋಡುತ್ತಾ ಇರುತ್ತಿದ್ದೆ. ಒಂದೆರಡು ಸಲ ಎತ್ತಲೇ ಇಲ್ಲ.

ಮಳೆ ಮುಗಿದು ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಹಾಜಿಯವರ ದನಿ ಎಂದಿನಂತಿರಲಿಲ್ಲ.

"ಟೀಚರೇ, ಇಲ್ಲಿ ಜೆಸಿಬಿ ಬಂದಿದೆ. ಅಂಗಳ ಸಮ ಮಾಡಿ ಇಂಟರ್‌ಲಾಕ್ ಹಾಕುದಂತೆ. ಬಾದಾಮಿ ಮರ ತೆಗ್ದಾಯ್ತು. ಕಲ್ಲಿಗೆ ಕೈ ಹಾಕುವಾಗ ನಾನು ಅಡ್ಡ ನಿಂತೆ. ಇವರಿಗೆ ನೀವು ಹೇಳ್ಲೇ ಇಲ್ವಾ?"

ಅವರ ಹಿಂದಿನಿಂದ ಏರಿದ ದನಿಗಳು ಕೇಳಿಸುತ್ತಿದ್ದವು. "ನಮ್ಮ ದೈವದ ವಿಷಯ ಇವರಿಗೆ ಎಂತಕ್ಕೆ?" ಎಂದು ಯಾರೋ ಕೂಗಿದರು. ಮತ್ಯಾರೋ, "ವಿಡಿಯೋ ಮಾಡು, ವಿಡಿಯೋ ಮಾಡು" ಎಂದರು. ಎಪ್ಪತ್ತು ದಾಟಿದ ಬಿಳಿ ಗಡ್ಡದ ಮನುಷ್ಯ, ಬೇರೆಯವರ ಅಂಗಳದಲ್ಲಿ, ನನ್ನ ಸುಳ್ಳನ್ನು ಕಾಯಲು ಅಡ್ಡ ನಿಂತಿದ್ದರು. ಇಂಥ ಒಂದು ವಿಡಿಯೋ ಮಧ್ಯಾಹ್ನದೊಳಗೆ ಎಲ್ಲಿಂದೆಲ್ಲಿಗೆ ಹೋಗುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ಕಂಟ್ರಾಕ್ಟರು ಫೋನು ತೆಗೆದುಕೊಂಡ. "ಟೀಚರೇ, ಇವರು ಹೇಳುದು ಹೌದಾ? ಇಲ್ಲಿ ಗುಳಿಗ ಉಂಟಾ?"

ಇಲ್ಲ ಎಂದರೆ ಅಷ್ಟು ಜನರ ನಡುವೆ ಹಾಜಿಯವರು ಸುಳ್ಳುಗಾರ. "ಹೌದು" ಎಂದೆ. "ನಾನು ಬರ್ತಿದ್ದೇನೆ. ಅಲ್ಲಿವರೆಗೆ ಯಾರೂ ಮುಟ್ಬೇಡಿ. ಹಾಜಿಯವರಿಗೆ ಒಂದು ಕುರ್ಚಿ ಕೊಡಿ."

ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಕಿಟಕಿಯ ಪಕ್ಕ ಕೂತು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿದೆ. ಎಲ್ಲರ ಎದುರು ಹೇಳಿಬಿಡುತ್ತೇನೆ: ಇಲ್ಲಿ ದೈವ ಇಲ್ಲ, ನಾನೇ ಕಟ್ಟಿದ ಕತೆ, ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲು ಹೇಳಿದ್ದು, ಯಾಕೆ ಹೇಳಿದ್ದು ಎಂದು ಅಕ್ಕನಿಗೂ ಗೊತ್ತು. ಉಗಿಯುವವರು ಉಗಿಯಲಿ. ಆ ಯೋಚನೆಯಿಂದ ಆರು ತಿಂಗಳಲ್ಲಿ ಮೊದಲ ಸಲ ಉಸಿರು ಸರಾಗವಾಯಿತು. ನಿಜ ಹೇಳಬೇಕೆಂದರೆ, ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ನಾನು ತಲುಪುವಾಗ ಗಲಾಟೆ ಇಳಿದಿತ್ತು. ಜೆಸಿಬಿ ಸುಮ್ಮನೆ ನಿಂತಿತ್ತು. ಗುಳಿಗನ ಹೆಸರು ಕೇಳಿದ ಮೇಲೆ ಅದರ ಡ್ರೈವರು ತಾನಿನ್ನು ಕೈಹಾಕುವುದಿಲ್ಲ ಎಂದು ಇಳಿದುಬಿಟ್ಟಿದ್ದನಂತೆ. ಬಿದ್ದ ಮರದ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಾಜಿಯವರು ಕೊಡೆ ಹಿಡಿದು ಕೂತಿದ್ದರು, ಕಲ್ಲಿಗೆ ಬೆನ್ನು ಹಾಕದೆ ಓರೆಯಾಗಿ. ಕಂಟ್ರಾಕ್ಟರು ಚಪ್ಪಲಿ ಬಿಟ್ಟು ದೂರ ನಿಂತಿದ್ದ. ಅಕ್ಕ ಆಗಲೇ ಒಂದು ಹಣತೆ ಹಚ್ಚಿ ತಂದಿದ್ದರು. "ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನನಗೆ ಒಂದು ಮಾತು ಹೇಳ್ಲಿಲ್ಲ ಅಲ್ವಾ ಟೀಚರೇ" ಎಂದು ಅವರು ಮುನಿಸಿಕೊಂಡರು.

ಬಾಯಿ ತೆರೆಯುವುದರೊಳಗೆ ಯಾರೋ ನನ್ನ ತೋಳು ಹಿಡಿದರು. ಹಾಜಿಯವರ ಮಗಳು. ಕಾಲೇಜಿನಿಂದ ಓಡಿ ಬಂದಿದ್ದಳು, ಬೆರಳಿಗೆ ಚಾಕಿನ ಪುಡಿ ಇನ್ನೂ ಅಂಟಿತ್ತು. ನನ್ನನ್ನು ಬಾವಿಕಟ್ಟೆಯ ಹತ್ತಿರಕ್ಕೆ ಕರೆದುಕೊಂಡು ಹೋದಳು.

"ಎಂತ ಹೇಳ್ಲಿಕ್ಕೆ ಹೊರಟದ್ದು ಟೀಚರ್?"

"ನಿಜ ಹೇಳ್ತೇನೆ."

"ನಿಜ ನನಗೆ ಗೊತ್ತುಂಟು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೋರ್ಡಿನ ಮುಂದೆ ನಿಂತು ಒಂದೊಂದೇ ಹೆಜ್ಜೆ ಬರೆಯುವ ಹಾಗೆ ಹೇಳಿದಳು. "ಹತ್ತನೇ ಕ್ಲಾಸಿನಲ್ಲಿ ದಿನಾ ಆ ಕಲ್ಲಿನ ಮೇಲೆ ಕೂತು ಬಾದಾಮಿ ಗುದ್ದಿ ತಿಂತಿದ್ದೆ. ಒಂದು ದಿನ ಸಣ್ಣ ಕಲ್ಲಿನಲ್ಲಿ ಗುದ್ದಿ ಬೆರಳು ಜಜ್ಜಿಕೊಂಡೆ. ನೀವೇ ಒಳಗಿಂದ ಸುತ್ತಿಗೆ ತಂದು ಕೊಟ್ಟದ್ದು, ಇದರಲ್ಲಿ ಗುದ್ದು ಅಂತ. ಗುಳಿಗನ ಕಲ್ಲಿನ ಮೇಲೆ ಯಾರಾದ್ರೂ ಸುತ್ತಿಗೆ ಕೊಟ್ಟು ಬಾದಾಮಿ ಗುದ್ಲಿಕ್ಕೆ ಹೇಳ್ತಾರಾ ಟೀಚರ್?"

ನಾನು ಮರೆತೇಬಿಟ್ಟಿದ್ದೆ. ಆ ಸುತ್ತಿಗೆಯನ್ನೂ, ಆ ಬೆರಳನ್ನೂ.

"ಹಾಗಾದ್ರೆ ಆ ಬುಧವಾರವೇ ನಿನಗೆ ಗೊತ್ತಿತ್ತಾ?"

"ಆಗಲೇ."

"ಯಾಕೆ ಹೇಳ್ಲಿಲ್ಲ?"

"ಎಂತ ಹೇಳುದು? ಉಪ್ಪನ ಎದುರು ನಿಮ್ಮನ್ನು ಸುಳ್ಳುಗಾರ್ತಿ ಮಾಡುದಾ?" ಬಾವಿಯೊಳಗೆ ಬಗ್ಗಿ ನೋಡಿದಳು. "ನಾವು ಮನೆ ಕೇಳಿ ಹೋದಲ್ಲೆಲ್ಲ ಯಾಕೆ ಕೊಡುದಿಲ್ಲ ಅಂತ ಉಪ್ಪನಿಗೆ ಗೊತ್ತಾಗ್ತಿತ್ತು. ಕಾರಿನಲ್ಲಿ ಕೂತು ಒಂದು ಮಾತೂ ಆಡ್ತಿರಲಿಲ್ಲ. ಈ ಒಂದು ಮನೆ ಮಾತ್ರ ದೈವ ಬೇಡ ಹೇಳಿದ್ದಕ್ಕೆ ತಪ್ಪಿತು, ಟೀಚರ್ ಬೇಡ ಹೇಳಿದ್ದಲ್ಲ ಅಂತ ನಂಬಿದ್ದಾರೆ. ನೀವು ಈಗ ನಿಜ ಹೇಳಿದ್ರೆ ಹಗುರ ಆಗುದು ನಿಮಗೆ. ಹೊರುದು ಅವರು. ಬೇಡ ಟೀಚರ್. ಅವರಿಗೆ ಹೇಳ್ಬೇಡಿ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಚಾಕಿನ ಪುಡಿ ಒರೆಸಿಕೊಳ್ಳುವವಳಂತೆ ಕೈಯನ್ನು ಸೆರಗಿಗೆ ಒಯ್ದಳು.

ನಾವು ಅಂಗಳಕ್ಕೆ ಬಂದಾಗ ಹಾಜಿಯವರು ಕುರ್ಚಿಯಿಂದ ಎದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಆದರೆ ನನ್ನನ್ನು ಕಂಡು ಅವರಿಗೆ ಎಷ್ಟು ನೆಮ್ಮದಿಯಾಯಿತೆಂದು ಎಲ್ಲರಿಗೂ ಕಾಣುವಂತಿತ್ತು.

"ಬಂದ್ರಾ ಟೀಚರೇ? ಇವರು ನಂಬ್ಲೇ ಇಲ್ಲ. ನಾನು ಇವರಿಗೆ ಹೇಳಿದೆ, ಬೇರೆ ಯಾರು ಹೇಳಿದ್ರೂ ನಾನು ಕೇಳ್ತಿರಲಿಲ್ಲ, ಟೀಚರ್ ಸುಳ್ಳು ಹೇಳುವ ಜನ ಅಲ್ಲ ಅಂತ."

ಕಂಟ್ರಾಕ್ಟರು, ಅಕ್ಕ, ಡ್ರೈವರು, ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಡ ಅಲ್ಲಿರಲಿಲ್ಲ, ಅದೊಂದು ಪುಣ್ಯ. ನಾನು ಚಪ್ಪಲಿ ಬಿಟ್ಟು, ಅಕ್ಕನ ಕೈಯಿಂದ ಹಣತೆ ತೆಗೆದುಕೊಂಡು ಆ ಕಲ್ಲಿನ ಮುಂದೆ ಇಟ್ಟೆ. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡದ್ದನ್ನು ಅವರು ಭಕ್ತಿ ಎಂದುಕೊಂಡಿರಬೇಕು. ಹಾಜಿಯವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ನಿಂತರು. ಅವರ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದಂತೆಯೇ ನಾನು ಕೈ ಮುಗಿದೆ.